ಐದು ಮೀಟರ್ ಸರಪಳಿ

ಮನುಷ್ಯ ಇನ್ನೊಬ್ಬರ ಆಸರೆಯಿಲ್ಲದೆ ಬದುಕಿನ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಲಾರ ಎಂಬುದು ಎಲ್ಲ ಧರ್ಮಗಳೂ ಒಪ್ಪಿಕೊಂಡ ಸತ್ಯ. ಆದರೆ ಆ ಆಸರೆ ಐದು ಮೀಟರಿಗಿಂತ ಉದ್ದ ಇರಕೂಡದು, ಗಂಟೆಗೆ ಇಪ್ಪತ್ನಾಲ್ಕು ಕಿಲೋಮೀಟರ್ ವೇಗ ಮೀರಕೂಡದು ಎಂದು ಸ್ಪಷ್ಟವಾಗಿ ಬರೆದಿಟ್ಟದ್ದು ಮೋಟಾರು ವಾಹನಗಳ ನಿಯಮದಲ್ಲಿ ಮಾತ್ರ. ಧರ್ಮಗ್ರಂಥಗಳಿಗೆ ಇಷ್ಟು ಖಚಿತವಾಗಿ ಮಾತಾಡುವುದು ಸಾಧ್ಯವಾಗಿಲ್ಲ.

ಈ ನಿಯಮ ನನಗೆ ಬಾಯಿಪಾಠವಾದದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ. ಆಗ ನಾನು ಬಸವಕಲ್ಯಾಣದಲ್ಲಿ ವಕೀಲಿ ಮಾಡಿಕೊಂಡಿದ್ದೆ. ನನ್ನ ಕಕ್ಷಿದಾರರೆಲ್ಲ ಹೊಲದ ಬದು, ಬಾವಿಯ ಪಾಲು, ಪಕ್ಕದ ಮನೆಯವನು ಹೊಸದಾಗಿ ತೆಗೆದ ಕಿಟಕಿ ಇಂಥವುಗಳಿಗಾಗಿ ಎರಡು ತಲೆಮಾರು ಹೋರಾಡಬಲ್ಲ ಸಂಭಾವಿತರು. ಮೋಟಾರಿನ ಖಟ್ಲೆ ಒಂದೂ ನನ್ನ ಬಳಿ ಬಂದಿರಲಿಲ್ಲ. ಆದರೂ ಮೋಟಾರು ಕಾಯ್ದೆಯ ದಪ್ಪ ಪುಸ್ತಕವೊಂದು ಕಪಾಟಿನಲ್ಲಿತ್ತು. ಗುಲಬರ್ಗಾದ ಪುಸ್ತಕದ ಏಜೆಂಟನೊಬ್ಬ ಆಸ್ತಿ ಹಸ್ತಾಂತರದ ಕಾಯ್ದೆ ಕೊಡುವಾಗ ಇದನ್ನೂ ತಗುಲಿಸಿ ಹೋಗಿದ್ದ.

ಒಂದು ಕಾರೂ ಇತ್ತು. ಕೆನೆ ಬಣ್ಣದ, ಇಬ್ಬರ ಕೈ ದಾಟಿ ಬಂದ ಹಳೆಯ ಕಾರು. ಅದನ್ನು ಅಗತ್ಯಕ್ಕೆಂದು ಕೊಂಡದ್ದಲ್ಲ, ವಕೀಲನ ಮನೆಯ ಮುಂದೆ ಏನಾದರೊಂದು ನಿಂತಿರಬೇಕು ಎಂಬ ತತ್ವಕ್ಕಾಗಿ ಕೊಂಡದ್ದು. ಕಾರು ಆ ತತ್ವವನ್ನು ಚಾಚೂ ತಪ್ಪದೆ ಪಾಲಿಸಿ ಬಹುಮಟ್ಟಿಗೆ ನಿಂತೇ ಇರುತ್ತಿತ್ತು.

ನನ್ನ ಹೆಂಡತಿ ಊರಿನ ಸರಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಹದಿನಾಲ್ಕು ವರ್ಷ ಮಗ್ಗಿ ಹೇಳಿಸಿದ ಮೇಲೆ ಆ ಚಳಿಗಾಲ ಅವಳಿಗೆ ಬಡ್ತಿಯ ಆದೇಶ ಬಂತು: ಮುಡಬಿಯಲ್ಲಿ ಮುಖ್ಯೋಪಾಧ್ಯಾಯಿನಿ. ಮುಡಬಿ ನಮ್ಮ ತಾಲ್ಲೂಕಿನದೇ ಊರು, ದೂರವೇನಲ್ಲ. ತೊಡಕು ಇದ್ದದ್ದು ಗಂಟೆಯಲ್ಲಿ. ಶಾಲೆಯ ಬೀಗದ ಕೈ ಹೆಡ್ ಮೇಡಂ ಹತ್ತಿರ ಇರಬೇಕು, ಪ್ರಾರ್ಥನೆಯ ಗಂಟೆಗಿಂತ ಮೊದಲೇ ಬಾಗಿಲು ತೆಗೆಯಬೇಕು. ಬೆಳಗಿನ ಬಸ್ಸು ಅಲ್ಲಿ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಹಾಜರಿ ನಡೆದಿರುತ್ತಿತ್ತು. ಶೇರ್ ಆಟೋಗಳು ಹನ್ನೊಂದು ಮಂದಿ ಕೂಡುವ ತನಕ ಅಲ್ಲಾಡುತ್ತಿರಲಿಲ್ಲ. ಹನ್ನೊಂದನೆಯವನು ಯಾವಾಗಲೂ ಚಹಾ ಕುಡಿಯುತ್ತಿರುತ್ತಿದ್ದ.

ಇದಕ್ಕೆ ಪರಿಹಾರ ಮನೆಯ ಮುಂದೆಯೇ ನಿಂತಿತ್ತು. ಅವಳ ಬಳಿ ಲೈಸೆನ್ಸೂ ಇತ್ತು. ಕಾರು ಕೊಳ್ಳುವ ಎರಡು ವರ್ಷ ಮೊದಲೇ, ಬೇಸಿಗೆ ರಜೆಗೆ ಗುಲಬರ್ಗಾದ ತವರಿಗೆ ಹೋದಾಗ, ಅವಳಣ್ಣ ಅವಳನ್ನು ಡ್ರೈವಿಂಗ್ ಶಾಲೆಗೆ ಸೇರಿಸಿದ್ದ. ಕಲಿತು, ಪಾಸಾಗಿ, ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೆಟ್ರಿಕ್ಕಿನ ಅಂಕಪಟ್ಟಿಯ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಕಾರು ಬಂದಾಗಿನಿಂದ ಹಂಗಾಮಿಗೊಮ್ಮೆ ಕೇಳುತ್ತಿದ್ದಳು, ನಾನು ಹಂಗಾಮಿಗೊಂದು ಕಾರಣ ಕೊಡುತ್ತಿದ್ದೆ. ಚಳಿಗಾಲದಲ್ಲಿ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಕಾಟ. ಬೇಸಿಗೆಯಲ್ಲಿ ಡಾಂಬರು ಕರಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ರಸ್ತೆಗೆ ಬಂದು ಗಾಲಿ ಜಾರುತ್ತದೆ. ಶ್ರಾವಣದಲ್ಲಿ ಜನ ಜಾಸ್ತಿ. ವರ್ಷದಲ್ಲಿ ಹೆಂಡತಿ ಗಾಡಿ ನಡೆಸಲು ಯೋಗ್ಯವಾದ ತಿಂಗಳು ಒಂದೂ ಇಲ್ಲವೆಂದು ನಾನು ಪಂಚಾಂಗದಷ್ಟೇ ಅಧಿಕಾರದಿಂದ ಸಾಧಿಸಿದ್ದೆ. ನಿಜವಾದ ಕಾರಣ ನನಗೂ ಗೊತ್ತಿರಲಿಲ್ಲ. ಬಹುಶಃ ಕಾರಣ ಇರಲೇ ಇಲ್ಲ.

ಹೀಗಾಗಿ ಬಡ್ತಿ ಬೇಡವೆಂದು ಬರೆದುಕೊಡುವುದೇ ಮೇಲು ಎಂದು ನಾನು ಅಭಿಪ್ರಾಯಪಟ್ಟೆ. ಅಭಿಪ್ರಾಯಪಟ್ಟು ಸುಮ್ಮನಿರಲಿಲ್ಲ, ಅರ್ಜಿಯನ್ನೂ ಬರೆದುಕೊಟ್ಟೆ. 'ಕೌಟುಂಬಿಕ ಹಾಗೂ ಸಾರಿಗೆ ಸಂಬಂಧಿತ ಅನಾನುಕೂಲತೆಗಳ ಪ್ರಯುಕ್ತ' ಎಂದು ಶುರುವಾಗುವ ಆ ಅರ್ಜಿ ನನ್ನ ಒಳ್ಳೆಯ ಬರವಣಿಗೆಗಳಲ್ಲಿ ಒಂದು. ಅವಳು ಅದನ್ನು ಎರಡು ಸಲ ಓದಿ, 'ಛಲೋ ಬರದೀರಿ' ಎಂದು ಪರ್ಸಿನಲ್ಲಿ ಇಟ್ಟುಕೊಂಡಳು. ಹಾಜರಾಗಲು ಇನ್ನು ಎಂಟು ದಿನ ಉಳಿದಿತ್ತು. ಆಗ ಕಾರು ಕೆಟ್ಟಿತು.

ಶನಿವಾರ ಸಂಜೆ ಕೋರ್ಟಿನಿಂದ ಬರುವಾಗ ಮನೆಯ ಬಾಗಿಲ ಹತ್ತಿರವೇ ಎಂಜಿನ್ ಗರ್ಜಿಸಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಓಣಿಯ ಮೂಲೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಮಿಸ್ತ್ರಿ ಬಂದು, ಬಗ್ಗಿ ಮೂಸಿ ನೋಡಿ, ತೀರ್ಪು ಕೊಟ್ಟ.

"ಕ್ಲಚ್ ಪ್ಲೇಟ್ ಸುಟ್ಟು ಬೂದಿ ಆಗ್ಯದ್ರಿ ಸಾಹೇಬ್ರ. ಗಾಡಿ ನಡಸೋವಾಗೆಲ್ಲ ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಕುಂತಿದ್ರೇನು, ಪಾದಪೂಜಾ ಮಾಡಸ್ಕೊಂಡಂಗ?"

"ನೀ ರಿಪೇರಿ ಮಾಡ್ತಿಯೋ ಇಲ್ಲೋ ಅಷ್ಟ ಹೇಳು."

"ಗೇರ್ ಬಾಕ್ಸ್ ಇಳಸಬೇಕ್ರಿ. ನನ್ನ ಕೈಲಿ ಆಗಂಗಿಲ್ಲ. ಹುಮನಾಬಾದಿನಾಗ ಉಸ್ತಾದ ಹಾನ, ಅವನ ಕಡೆ ಎಳಕೊಂಡು ಹೋಗ್ರಿ."

ರಾತ್ರಿ ಊಟಕ್ಕೆ ಮೊದಲು ಕಪಾಟಿನ ದಪ್ಪ ಪುಸ್ತಕ ತೆಗೆದೆ. ಕೆಟ್ಟ ಗಾಡಿಯನ್ನು ಎಳೆಯುವ ಬಗ್ಗೆ ಅದರಲ್ಲಿ ಒಂದು ಇಡೀ ನಿಯಮವೇ ಇತ್ತು. ಇಷ್ಟು ವರ್ಷ ಧೂಳು ತಿಂದ ಪುಸ್ತಕ ಕೊನೆಗೂ ಉಪಯೋಗಕ್ಕೆ ಬಂದ ಸಂತೋಷದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಮುಟ್ಟಿಸಲು ಮಾತ್ರ ಎಳೆಯಬಹುದು. ಹುಮನಾಬಾದು ಮೂವತ್ತು ಕಿಲೋಮೀಟರಿನ ಆಸುಪಾಸು. ಅದು ಹತ್ತಿರದ್ದು ಹೇಗಾದೀತು? ಒಂದು ಗಳಿಗೆ ಯೋಚಿಸಿ, ಗೇರ್ ಬಾಕ್ಸ್ ಇಳಿಸಲು ಬರುವ ಗ್ಯಾರೇಜುಗಳಲ್ಲಿ ಹತ್ತಿರದ್ದು ಎಂದು ಅರ್ಥೈಸಿದೆ. ಎದುರು ವಕೀಲ ಇರಲಿಲ್ಲವಾದ್ದರಿಂದ ಆ ವಾದ ಗೆದ್ದಿತು.

ಎಳೆಯಲು ಒಪ್ಪಿದವರು ನಮ್ಮ ಪಕ್ಕದ ಮನೆಯ ಸಾವುಕಾರರು. ಗಂಜ್ ಎನ್ನುವ ಧಾನ್ಯದ ಪೇಟೆಯಲ್ಲಿ ತೊಗರಿಯ ಅಡತಿ ಅಂಗಡಿ, ಎಮ್ಮೆಯಂಥ ದೊಡ್ಡ ಬಿಳಿ ಕಾರು, ಯಾವ ಕೆಲಸವನ್ನಾದರೂ ಅರ್ಧ ತಾಸಿನಲ್ಲಿ ಮುಗಿಸಿಬಿಡಬಹುದೆಂಬ ನಂಬಿಕೆ. ಅವರಿಗೆ ಹೇಗೂ ರವಿವಾರ ಹುಮನಾಬಾದಿನಲ್ಲಿ ಬೀಗರ ಮನೆಯ ಊಟ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಡಿಕ್ಕಿಯಿಂದ ಕಬ್ಬಿಣದ ಸರಪಳಿಯೊಂದನ್ನು ಧಡಲ್ ಎಂದು ಕೆಳಗೆ ಹಾಕಿದರು. ನಾನು ಪುಸ್ತಕ ಹಿಡಿದು ಹೊರಗೆ ಬಂದೆ.

"ಅರೆ ವಕೀಲ್ ಸಾಹೇಬ್ರ, ಗಾಡಿ ಎಳಿಯಾಕ ಕಾನೂನ್ ಯಾಕ್ ಬೇಕ್ರಿ? ಸರಪಳಿ ಬೇಕು. ಅದು ನನ್ನ ಹಂತೇಲಿ ಅದ."

"ಸಾವುಕಾರ್ರ, ಕಾನೂನೂ ಒಂದು ಸರಪಳಿನೇ."

"ಹಂಗಾದ್ರ ಅದನ್ನೇ ಕಟ್ರಿ. ನಂದು ಬಿಚ್ಚಕೊಂಡು ಹೋಗ್ತೀನಿ."

ಆದರೂ ಅವರು ಹೋಗಲಿಲ್ಲ. ನಾನು ಕಟ್ಟೆಯ ಮೇಲೆ ನಿಂತು ನಿಯಮವನ್ನು ಕನ್ನಡ ಮಾಡಿ ಓದತೊಡಗಿದೆ. ಎರಡು ಗಾಡಿಗಳ ನಡುವಿನ ಅಂತರ ಐದು ಮೀಟರ್ ದಾಟಕೂಡದು. ನನ್ನ ಹೆಂಡತಿ ಹೊಲಿಗೆ ಮಷೀನಿನ ಡಬ್ಬಿಯಿಂದ ಟೇಪು ತಂದು ಸರಪಳಿ ಅಳೆದಳು, ನಾಲ್ಕೂವರೆ. ಸರಪಳಿ ಬೇರೆಯವರ ಕಣ್ಣಿಗೆ ಎದ್ದು ಕಾಣುವಂತಿರಬೇಕು. ಎಳೆಯಲ್ಪಡುವ ಗಾಡಿಯ ಚಾಲಕನ ಸೀಟಿನಲ್ಲಿ ಆ ಗಾಡಿ ನಡೆಸುವ ಲೈಸೆನ್ಸ್ ಇರುವ ವ್ಯಕ್ತಿ ಕೂತಿರಲೇಬೇಕು...

"ಏನ್ರೀ," ಎಂದಳು ಹೆಂಡತಿ, ಟೇಪು ಸುತ್ತುತ್ತ. "ಲೈಸೆನ್ಸ್ ಅಂದ್ರಲ್ಲ, ನಿಮ್ಮದೊಂದು ತೋರಸ್ರಿ ನೋಡೂಣು."

ಇಂಥ ಪ್ರಶ್ನೆಯನ್ನು ಅಡ್ಡ ಸವಾಲಿನಲ್ಲಿ ಕೇಳಲು ನನಗೆ ಇಪ್ಪತ್ತು ವರ್ಷ ಬೇಕಾಗಿತ್ತು. ಒಳಗೆ ಹೋಗಿ ಕರಿ ಕೋಟಿನ ಕಿಸೆಯಿಂದ ಲೈಸೆನ್ಸ್ ತಂದುಕೊಟ್ಟೆ. ಅವಳು ತಾರೀಖಿನ ಮೇಲೆ ಬೆರಳಿಟ್ಟಳು.

"ದೀಪಾವಳಿಗೇ ಮುಗದದಲ್ರಿ ಇದು."

ಅವಧಿ ಮುಗಿದ ಮೇಲೂ ಮೂವತ್ತು ದಿನ ಚಾಲ್ತಿಯಲ್ಲಿರುತ್ತದೆಂಬ ದಯೆ ಆಗಿನ ಕಾಯ್ದೆಯಲ್ಲಿತ್ತು. ಆದರೆ ದೀಪಾವಳಿ ಕಳೆದು ಎರಡು ತಿಂಗಳಾಗಿತ್ತು. ಊರಿಗೆಲ್ಲ ವಾಯಿದೆ ನೆನಪಿಸುವುದೇ ನನ್ನ ಕಸುಬು.

"ಹೋಗ್ಲಿ ಬಿಡ್ರಿ," ಎಂದರು ಸಾವುಕಾರರು, ಕೈಗಡಿಯಾರ ನೋಡುತ್ತ. "ಯಾರ್ ಕೇಳ್ತಾರ? ಕುಂದರ್ರಿ."

ಈಗ ನಾನು ಸಂಕಟಕ್ಕೆ ಸಿಕ್ಕಿದೆ. ಇಡೀ ಓಣಿ ಕೇಳುವಂತೆ ನಿಯಮ ಓದಿದವನು ನಾನೇ. ಕಟ್ಟೆಯ ಕೆಳಗೆ ನನ್ನ ಕಕ್ಷಿದಾರರೇ ಇಬ್ಬರು ನಿಂತಿದ್ದರು. ಸಾವುಕಾರರ ಡ್ರೈವರಿಗೆ ರವಿವಾರ ರಜೆ. ನಾನು ಹೀಗೆ ಯೋಚಿಸುತ್ತಿರುವಾಗ ಒಳಗಡೆ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ಪ್ಲಾಸ್ಟಿಕ್ ಚೀಲ ಬಿಚ್ಚಿಕೊಂಡೇ ಅವಳು ಹೊರಬಂದಳು.

"ನಂದು ಇನ್ನೂ ಹದಿನಾಲ್ಕು ವರ್ಷ ಅದ," ಎಂದಳು.

ಕಕ್ಷಿದಾರರಿಬ್ಬರೂ ನನ್ನ ಮುಖ ನೋಡಿದರು. ಕಾನೂನಿನ ಮೇಲೆ ಅವರಿಗಿದ್ದ ವಿಶ್ವಾಸ ನನ್ನ ಉತ್ತರದ ಮೇಲೆ ನಿಂತಿದೆ ಎಂಬ ಭಾವದಲ್ಲಿ ನಾನು ಹೇಳಿದೆ: "ಆಗಲಿ. ಹೆಂಗೂ ಎಂಜಿನ್ ಚಾಲೂ ಇರಂಗಿಲ್ಲ."

ಇನ್ನು ಫಲಕದ ಪ್ರಶ್ನೆ. ಹಿಂದಿನ ಗಾಡಿಯ ಬೆನ್ನಿಗೆ ಬಿಳಿಯ ಹಿನ್ನೆಲೆಯ ಮೇಲೆ, ಎಪ್ಪತ್ತೈದು ಮಿಲಿಮೀಟರಿಗೆ ಕಡಿಮೆಯಿಲ್ಲದ ಕಪ್ಪು ಅಕ್ಷರಗಳಲ್ಲಿ, 'ಆನ್ ಟೋ' ಎಂದು ಇಂಗ್ಲಿಷಿನಲ್ಲಿ ಬರೆದಿರಬೇಕು. ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ಕೈಗೆ ಇದೇನು ದೊಡ್ಡದು! ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸ್ಕೇಲಿಟ್ಟು ಅಳೆದು ಅವಳು ಇಂಗ್ಲಿಷಿನಲ್ಲಿ ಬರೆದಳು. ಕೆಳಗೆ ಕನ್ನಡದಲ್ಲಿ 'ಈ ಗಾಡಿಯನ್ನು ಎಳೆಯಲಾಗುತ್ತಿದೆ' ಎಂದು ನಾನು ಬರೆಸಿದೆ. ಕನ್ನಡದ ಬಗ್ಗೆ ನಿಯಮ ಏನೂ ಹೇಳಿರಲಿಲ್ಲ, ಆದರೆ ಜಿಲ್ಲೆ ಗಡಿಯ ಜಿಲ್ಲೆ.

ಸರಪಳಿ ಎದ್ದು ಕಾಣಲು ಬಟ್ಟೆ ಬೇಕಲ್ಲ. ನಮ್ಮ ಕಡೆ ಯಾವ ಮನೆಯಲ್ಲಿ ಏನಿಲ್ಲದಿದ್ದರೂ ಉಡಿ ತುಂಬಿದ ಬ್ಲೌಸ್ ಪೀಸುಗಳಿಗೆ ಕೊರತೆ ಇರುವುದಿಲ್ಲ. ಯಾರೂ ಹೊಲಿಸುವುದಿಲ್ಲ, ಈ ಮನೆಯ ಉಡಿಯಿಂದ ಆ ಮನೆಯ ಉಡಿಗೆ ಹೋಗಿ, ಮೂರು ವರ್ಷದ ಮೇಲೆ ಅದೇ ಮಡಿಕೆಯಲ್ಲಿ ತಿರುಗಿ ಬರುತ್ತವೆ. ಹೆಂಡತಿ ಅಂಥ ಐದಾರು ಪೀಸು ತಂದಳು: ಹಳದಿ, ಹಸಿರು, ಮತ್ತೆ ಹಳದಿ. ಅವನ್ನು ಸರಪಳಿಗೆ ಎರಡು ಮೊಳಕ್ಕೊಂದರಂತೆ ಕಟ್ಟಿದೆವು. ಸಾವುಕಾರರು ನೋಡಿ, "ಮದ್ವಿ ಮನಿ ಆತಲ್ರಿ ಇದು" ಎಂದು ಗೊಣಗಿ ತಮ್ಮ ಗಾಡಿ ಹತ್ತಿದರು.

ಹೊರಟೆವು. ಅವಳು ಸ್ಟೇರಿಂಗಿನ ಹಿಂದೆ ಸೆರಗು ಸೊಂಟಕ್ಕೆ ಸಿಗಿಸಿ ಕೂತಿದ್ದಳು. ನಾನು ಎಡಕ್ಕೆ, ತೊಡೆಯ ಮೇಲೆ ಕಾಯ್ದೆ ಇಟ್ಟುಕೊಂಡು. ಸರಪಳಿ ಬಿಗಿಯಾಯಿತು, ಗಾಡಿ ಒಮ್ಮೆ ಜಗ್ಗಿ, ಸದ್ದಿಲ್ಲದೆ ಸಾಗಿತು. ಎಂಜಿನ್ನಿಲ್ಲದ ಕಾರಿನಲ್ಲಿ ಎಲ್ಲ ಮಾತೂ ಕೇಳುತ್ತದೆ. ನಾನು ಆಡಿದ್ದೂ ಅವಳಿಗೆ ಚೆನ್ನಾಗಿ ಕೇಳುತ್ತಿತ್ತು.

"ಬ್ರೇಕ್... ಬ್ರೇಕ್... ಎಡಕ್ಕ ತಗೋ... ಅಷ್ಟಲ್ಲ..."

ಊರ ಹೊರಗೆ ಬರುವ ತನಕ ಅವಳು ಸಹಿಸಿದಳು. ಆಮೇಲೆ ಮುಂದೆಯೇ ನೋಡುತ್ತ ಹೇಳಿದಳು: "ನೀವು ಕಾನೂನ್ ನೋಡ್ಕೋರಿ. ರಸ್ತಾ ನಾ ನೋಡ್ತೀನಿ."

ಕೆಲಸಗಳ ಹಂಚಿಕೆ ನ್ಯಾಯವಾಗಿಯೇ ಇತ್ತು. ನನ್ನ ಪಾಲಿಗೆ ವೇಗದ ಉಸ್ತುವಾರಿ ಬಂತು. ಗಂಟೆಗೆ ಇಪ್ಪತ್ನಾಲ್ಕು ಎಂದರೆ ಒಂದು ಕಿಲೋಮೀಟರಿಗೆ ಎರಡೂವರೆ ನಿಮಿಷ. ಕಲ್ಲಿನಿಂದ ಕಲ್ಲಿಗೆ ಕೈಗಡಿಯಾರ ಹಿಡಿದು ಎಣಿಸಿದೆ. ಎರಡು ನಿಮಿಷಕ್ಕೇ ಕಲ್ಲು ಬಂದರೆ ಕಿಟಕಿಯಿಂದ ಟವೆಲ್ ಬೀಸುವುದು, ಸಾವುಕಾರರು ಕನ್ನಡಿಯಲ್ಲಿ ನೋಡಿ ನಿಧಾನ ಮಾಡುವುದು ಎಂದು ಒಪ್ಪಂದವಾಗಿತ್ತು. ಮೊದಲ ಮೂರು ಕಲ್ಲು ನೋಡಿದರು. ಆಮೇಲೆ ಬೀಗರ ಮನೆಯ ಹೋಳಿಗೆ ಕಣ್ಣಿಗೆ ಕಟ್ಟಿತೋ ಏನೋ, ಕನ್ನಡಿ ನೋಡುವುದನ್ನೇ ಬಿಟ್ಟರು. ಅವರು ಇನ್ನೂ ಕನ್ನಡಿ ನೋಡುತ್ತಿದ್ದಾಗಲೇ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಹೇರಿಕೊಂಡವನೊಬ್ಬ ನಮ್ಮ ಸರಿಸಮ ಬಂದು, ಕಿಟಕಿಯೊಳಗೆ ಇಣುಕಿ, "ಅಕ್ಕೋರ, ಶರಣ್ರೀ!" ಎಂದು ಅವಳಿಗೆ ಮಾತ್ರ ನಮಸ್ಕಾರ ಮಾಡಿ ಮುಂದೆ ಹೋದ. ಅವಳ ಹಳೆಯ ವಿದ್ಯಾರ್ಥಿಯಂತೆ.

ಸಸ್ತಾಪುರ ಬಂಗ್ಲಾದಲ್ಲಿ ಹೈದರಾಬಾದ್ ಹೆದ್ದಾರಿ ಸಿಗುತ್ತದೆ. ಅಲ್ಲಿ ಪೊಲೀಸಪ್ಪನೊಬ್ಬ ಕೈ ಅಡ್ಡ ಹಿಡಿದ. ಹಿಂದೆ ಹೋಗಿ ಫಲಕ ಓದಿ, ಮುಂದೆ ಬಂದು ಸರಪಳಿ ನೋಡಿ, ಮತ್ತೆ ಹಿಂದೆ ಹೋಗಿ ಓದಿ ಬಂದ.

"ಇಷ್ಟ್ ವರ್ಷದ ಸರ್ವಿಸಿನಾಗ ಈ ಬೋರ್ಡ್ ನಾ ನೋಡಿಲ್ರಿ. ಯಾರ್ ಹಾಕ್ ಅಂದ್ರು?"

ನಾನು ಪುಸ್ತಕ ತೆರೆದೆ. ಅವನು ಕೈ ಎತ್ತಿ ನನ್ನನ್ನು ತಡೆದು, ಲೈಸೆನ್ಸ್ ಕೇಳಿದ. ಸಾವುಕಾರರದು ನೋಡಿದ. ಅವಳದು ನೋಡಿದ, ಫೋಟೋ ನೋಡಿದ, ಮುಖ ನೋಡಿದ, ತಲೆ ಆಡಿಸಿದ.

"ನಿಮ್ಮದ್ರಿ ಸಾಹೇಬ್ರ?"

"ನಾನು ಬರೀ ಪ್ರಯಾಣಿಕ," ಎಂದೆ. ನನ್ನ ವೃತ್ತಿಜೀವನದಲ್ಲಿ ಕೊಟ್ಟ ಅತ್ಯಂತ ಚಿಕ್ಕ ಹೇಳಿಕೆ ಅದು.

"ಹೋಗ್ರಿ ಅಕ್ಕೋರ, ಸಾವಕಾಶ," ಎಂದು ಅವನು ಬೇರೆ ಗಾಡಿಗಳನ್ನು ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟ.

ರಾಜೇಶ್ವರ ಬರುವ ಹೊತ್ತಿಗೆ ಸಾವುಕಾರರ ಗಾಡಿ ಎರಡನೇ ಗೇರಿನಲ್ಲಿ ತೆವಳಿ ತೆವಳಿ ಕಾದು ಹೋಗಿ, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಚಹಾದ ಅಂಗಡಿಯ ಎದುರು ನಿಲ್ಲಿಸಿ, ನೀರು ತರಲು ಕೊಡ ಹಿಡಿದು ಅವರು ಹೋದರು. ರಸ್ತೆಯ ಬದಿಯಲ್ಲಿ ಶೇಂಗಾ ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ಸರಪಳಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಹಳದಿ ಬಟ್ಟೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಮೈಲಾರ ಮಲ್ಲಣ್ಣಗ ಹೊಂಟೀರೇನು ಯವ್ವಾ? ಸರಪಳಿ ಹರಕಿ?"

ನಮ್ಮ ಕಡೆಯವರಲ್ಲದವರಿಗೆ ಇದನ್ನು ಹೇಳಬೇಕು. ಮಲ್ಲಣ್ಣನ ಹರಕೆಯೆಂದರೆ ಸರಪಳಿ. ಹರಕೆ ಹೊತ್ತವರು ದೇವರ ಮುಂದೆ ಕಬ್ಬಿಣದ ಸರಪಳಿ ಜಗ್ಗಿ ಹರಿಯುತ್ತಾರೆ. ಭಂಡಾರವೆಂಬ ಅರಿಶಿನ ಪುಡಿ ಹಾರಿಸುತ್ತಾರೆ. ಹಳದಿ ಕಟ್ಟಿದ ಸರಪಳಿಯನ್ನು ಜಗ್ಗಿಕೊಂಡು, ಸೈಕಲ್ಲಿಗಿಂತ ನಿಧಾನವಾಗಿ, ಹೆಣ್ಣುಮಗಳೊಬ್ಬಳು ನಡೆಸಿಕೊಂಡು ಬರುವ ಕಾರು ಬೇರೆ ಏನಾಗಿರಲು ಸಾಧ್ಯ? ಆ ಮುದುಕಿಯ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ. ಮೋಟಾರು ನಿಯಮ ಪಾಲಿಸಲು ಯಾರಾದರೂ ಇಷ್ಟು ಕಷ್ಟಪಡುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಾರಳು.

ನಾನು ತಿಳಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀರು ತಂದ ಸಾವುಕಾರರು, ಬೆವರು ಒರೆಸಿಕೊಳ್ಳುತ್ತ, ಬೇಕೆಂದೇ ಅಂದರು: "ಹೌದು ಯಾಯಿ. ಭಾರೀ ಹರಕಿ. ಅಕ್ಕೋರು ಹೊತ್ತಾರ."

ಅಷ್ಟೇ ಸಾಕಾಯಿತು. ಮುದುಕಿ ಕೂಗಿ ಕರೆದಳು. ತರಕಾರಿ ಮಾರುವವರು, ಬಸ್ಸಿಗೆ ಕಾಯುವವರು, ಏಳೆಂಟು ಹೆಂಗಸರು ಸೇರಿದರು. ಒಬ್ಬಾಕೆ ಎಲ್ಲಿಂದಲೋ ಭಂಡಾರ ತಂದು ಸರಪಳಿಗೆ ಹಾಕಿದಳು, ಬಾನೆಟ್ಟಿಗೆ ಹಾಕಿದಳು, ಸ್ಟೇರಿಂಗ್ ಹಿಡಿದಿದ್ದ ನನ್ನ ಹೆಂಡತಿಯ ಎರಡೂ ಕೈಗೆ ಹಚ್ಚಿದಳು. ನನ್ನ ಪುಸ್ತಕದ ಮೇಲೂ ಒಂದು ಚಿಟಿಕೆ ಬಿತ್ತು. ಚಹಾದ ಅಂಗಡಿಯವನು ತೆಂಗಿನಕಾಯಿ ಕೊಟ್ಟ.

"ಏನ್ ಬೇಡ್ಕೊಂಡಿ ತಾಯಿ?" ಕೇಳಿದಳು ಮುದುಕಿ.

ಹರಕೆ ಇಲ್ಲವೆಂದು ಅವಳು ಹೇಳಬಹುದಿತ್ತು. ಬದಲಿಗೆ ಹಳದಿ ಕೈಯನ್ನು ಸ್ಟೇರಿಂಗಿನಿಂದ ತೆಗೆಯದೆ ಹೇಳಿದಳು: "ಮುಡಬಿ ಸಾಲಿಗೆ ಹೆಡ್ ಮೇಡಂ ಆಗಬೇಕ್ರಿ ಯಾಯಿ. ಹೊತ್ತಿಗೆ ಸರಿಯಾಗಿ ಬೀಗ ತೆಗೀಬೇಕು."

"ಅಷ್ಟೇನಾ? ಆಗೇ ಆಗ್ತದ. ಅದಕ್ಕ ಅಡ್ಡ ಯಾರ್ ಬಂದಾರ?"

ಸಾವುಕಾರರು ರೇಡಿಯೇಟರಿನೊಳಗೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಮುದುಕಿ ಒಮ್ಮೆ ನನ್ನ ಕಡೆ ಕಣ್ಣು ಹಾಯಿಸಿದಳು. ನಾನು ನಿಯಮದ ಪುಟವನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಸಹಾಯವಾಗುವಂಥದ್ದು ಏನೂ ಇರಲಿಲ್ಲ. ನಾಲ್ಕು ವರ್ಷದಿಂದ ಅವಳು ಮನೆಯಲ್ಲಿ ಹಂಗಾಮಿಗೊಮ್ಮೆ ಕೇಳಿದ್ದನ್ನು ಕೇಳಿಸಿಕೊಂಡಿದ್ದೆ. ಆದರೆ ಅದು ಬೇಡಿಕೊಳ್ಳುವಷ್ಟು ದೊಡ್ಡ ಸಂಗತಿ ಎಂದು ಗೊತ್ತಾಗಿದ್ದು ರಾಜೇಶ್ವರದ ರಸ್ತೆಯ ಬದಿಯಲ್ಲಿ, ಎಂಟು ಜನ ಸಾಕ್ಷಿಗಳ ಸಮಕ್ಷಮ.

ಮುಂದೆ ಐದಾರು ಕಿಲೋಮೀಟರು ನಾನು ಟವೆಲನ್ನೂ ಬೀಸದೆ ಬರೀ ಕಲ್ಲು ಎಣಿಸಿದೆ. ರಸ್ತೆ ಒಂದು ಸಣ್ಣ ಸೇತುವೆಯ ಕಡೆಗೆ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಎಳೆಯುವವನಿಗಿಂತ ಎಳೆಸಿಕೊಳ್ಳುವವನಿಗೇ ಕೆಲಸ ಹೆಚ್ಚು ಎಂಬುದನ್ನು ಅಂದು ಕಂಡೆ. ಮುಂದಿನ ಗಾಡಿ ನಿಧಾನವಾದರೆ ಹಿಂದಿನದು ತನ್ನ ಭಾರಕ್ಕೆ ತಾನೇ ನುಗ್ಗುತ್ತದೆ. ಸರಪಳಿಗೆ ಎಳೆಯುವುದು ಗೊತ್ತು, ತಡೆಯುವುದು ಗೊತ್ತಿಲ್ಲ. ಅವಳು ಸರಪಳಿಯ ಹೊಟ್ಟೆ ಜೋತುಬೀಳದಂತೆ ಬ್ರೇಕನ್ನು ತುಸು ತುಸುವೇ ಒತ್ತುತ್ತ ಬಂದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಯ್ದೆಯಲ್ಲೂ ಇರಲಿಲ್ಲ.

ಸೇತುವೆಯ ಬಾಯಿಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು, ಹಿಂದೆ ಎರಡು ಟ್ರೈಲರು ಕಟ್ಟಿಕೊಂಡು, ಹೊಲದ ದಾರಿಯಿಂದ ಒಮ್ಮೆಲೇ ರಸ್ತೆಗೆ ಬಂತು. ಸಾವುಕಾರರು ಎರಡೂ ಕಾಲಿನಿಂದ ಬ್ರೇಕ್ ಒತ್ತಿದರು. ಅವರ ಗಾಡಿಯ ಹಿಂಭಾಗ ನಮ್ಮ ಗಾಜಿನ ತುಂಬ ಬೆಳೆಯಿತು. ನಾನು ಕಾಯ್ದೆಯನ್ನು ಮುಖಕ್ಕೆ ಹಿಡಿದು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಕಣ್ಣು ತೆರೆದಾಗ ಕಬ್ಬಿನ ಟ್ರೈಲರುಗಳು ಜಲ್ಲೆ ಉದುರಿಸುತ್ತ ಸೇತುವೆ ದಾಟುತ್ತಿದ್ದವು. ಸಾವುಕಾರರು ಇಳಿದು ಹಿಂದೆ ಬಂದರು. ಎರಡು ಬಂಪರುಗಳ ನಡುವೆ ಕೈ ಇಟ್ಟು ನೋಡಿದರು. ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ ಜಾಗ ಉಳಿದಿತ್ತು.

"ಅಕ್ಕೋರ," ಎಂದರು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, "ನೀವು ಮುಂದಿನ ಗಾಡಿಗಿ ಬರ್ರಿ. ನಾ ಹಿಂದ ಕುಂದ್ರತೀನಿ. ನನಗ ಎಳಿಯಾಕ ಬರಂಗಿಲ್ಲ."

"ಆ ಟ್ರ್ಯಾಕ್ಟರ್ ಆಗ್ಲೇ ಕಂಡಿತ್ರಿ ನನಗ," ಎಂದಳು. "ಹೊಲದಾಗ ಧೂಳ ಎದ್ದಿತ್ತು."

ಸಾವುಕಾರರು ನನ್ನ ಕಡೆ ತಿರುಗಿದರು. "ವಕೀಲ್ ಸಾಹೇಬ್ರ, ನಿಮಗ ಕಂಡಿತ್ತೇನು?"

ನಾನು ಕಲ್ಲು ಎಣಿಸುತ್ತಿದ್ದೆ ಎಂದೆ.

ಹುಮನಾಬಾದು ಮುಟ್ಟಿದಾಗ ಹನ್ನೊಂದೂವರೆ. ಸಾವುಕಾರರು ಸರಪಳಿ ಬಿಚ್ಚಿಕೊಂಡು, ಕಟ್ಟಿದ ಬ್ಲೌಸ್ ಪೀಸುಗಳ ಸಮೇತ ಡಿಕ್ಕಿಗೆ ಹಾಕಿಕೊಂಡು, ಹೋಳಿಗೆಯ ದಿಕ್ಕಿನಲ್ಲಿ ಮಾಯವಾದರು. ಗ್ಯಾರೇಜಿನ ಉಸ್ತಾದ ನರೆತ ಗಡ್ಡದ, ಮಾತು ಕಡಿಮೆಯ ಮನುಷ್ಯ. ಮೊದಲು ಕ್ಲಚ್ ನೋಡಲಿಲ್ಲ. ಮುಂದಿನ ಬಂಪರಿನ ಮೇಲೆ ಅಂಗೈ ಆಡಿಸಿದ.

"ಕಲ್ಯಾಣದಿಂದ ಸರಪಳಿಗೆ ಕಟ್ಟಿ ತಂದ್ರಿ? ಒಂದ್ ಗೀರು ಇಲ್ಲ. ಎಳ್ಕೊಂಡು ಬಂದ ಗಾಡಿ ಎಲ್ಲಾ ಮೂತಿ ಒಡಕೊಂಡೇ ಬರ್ತಾವ ನನ್ನ ಕಡೆ. ಹಿಂದ ಯಾರ್ ಕುಂತಿದ್ರು?"

"ಇವಳು," ಎಂದೆ.

"ಮಾಶಾ ಅಲ್ಲಾ," ಎಂದ ಉಸ್ತಾದ. ಆಮೇಲೆ ಗಾಡಿಯ ಕೆಳಗೆ ತೂರಿ, ಟಾರ್ಚ್ ಬಿಟ್ಟು, ಬಹಳ ಹೊತ್ತು ನೋಡಿ, ಅಲ್ಲಿಂದಲೇ ಕೇಳಿದ: "ಮತ್ತ ಈ ಕ್ಲಚ್ ಯಾರ್ ಸುಟ್ಟಾರ?"

"ಅದು ಬೇರೆ ಪ್ರಕರಣ."

ಉಸ್ತಾದ ಹೊರಗೆ ಬಂದು, ಎಣ್ಣೆಯ ಕೈ ಒರೆಸಿಕೊಂಡು, ನಮ್ಮಿಬ್ಬರನ್ನೂ ನೋಡಿದ. "ಶುಕ್ರವಾರ ನಮಾಜಿಗೆ ಮೊದಲ ತಯಾರ್ ಮಾಡಿ ಕೊಡ್ತೀನಿ ವಕೀಲ್ ಸಾಬ್. ಆದ್ರ ಗಾಡಿ ತೊಗೊಂಡ್ ಹೋಗಾಕ ನೀವು ಬರಬ್ಯಾಡ್ರಿ. ಭಾಭಿಗ ಕಳಸ್ರಿ. ಹೊಸ ಪ್ಲೇಟ್ ಹಾಕಾಕತ್ತೇನಿ."

ತಿರುಗಿ ಬಸ್ಸಿನಲ್ಲಿ ಬಂದೆವು. ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಂಗೈಯ ಹಳದಿ ಇನ್ನೂ ಹೋಗಿರಲಿಲ್ಲ. ರಾಜೇಶ್ವರ ದಾಟಿದ ಮೇಲೆ, ಬಹಳ ಹೊತ್ತು ಮನಸ್ಸಿನಲ್ಲೇ ಕರಡು ತಿದ್ದಿ, ನಾನು ಶುರುಮಾಡಿದೆ.

"ಆ ಅರ್ಜಿ..."

"ಭಾಳ ಛಲೋ ಬರದೀರಿ," ಎಂದಳು. "ಆದ್ರ ನಾ ಸಹಿ ಹಾಕಿಲ್ಲ."

"ಮತ್ತ ನಾಳಿಗೆ ಆಫೀಸಿಗೆ ಏನ್ ಕೊಡ್ತಿ?"

"ಒಪ್ಪಿಗಿ ಪತ್ರ."

"ಬರದು ಕೊಡ್ಲೇನು?"

"ಬುಧವಾರನೇ ಬರದೀನ್ರಿ. ಎರಡ ಸಾಲು ಅದ. ಕೊಡಲೋ ಬ್ಯಾಡೋ ಅಂತ ನೋಡಾಕತ್ತಿದ್ದೆ."

ಪರ್ಸಿನಿಂದ ತೆಗೆದು ತೋರಿಸಿದಳು. ಬಡ್ತಿ ಒಪ್ಪಿಕೊಂಡಿದ್ದೇನೆ, ಮುಂದಿನ ಸೋಮವಾರ ಹಾಜರಾಗುತ್ತೇನೆ, ಅಷ್ಟೇ. 'ಪ್ರಯುಕ್ತ' ಇಲ್ಲ, 'ತಮ್ಮ ದಯಾಪರ ಅವಗಾಹನೆಗೆ' ಇಲ್ಲ. ಒಂದಕ್ಷರ ತಿದ್ದಲು ಜಾಗ ಹುಡುಕಿದೆ, ಸಿಗಲಿಲ್ಲ.

"ಎಷ್ಟಕ್ಕ ಬಿಡ್ತಿ ಮನಿ?" ಎಂದು ಕೇಳಿದೆ.

"ಎಂಟೂವರಿಗೆ. ನಿಮ್ಮನ್ನ ಕೋರ್ಟಿನ ಮುಂದ ಇಳಿಸಿ ಹೋಗ್ಲೇನು?"

ಆ ಹೊತ್ತಿಗೆ ಕೋರ್ಟಿನಲ್ಲಿ ಕಸ ಗುಡಿಸುವವನೂ ಬಂದಿರುವುದಿಲ್ಲ ಎಂದೆ. ಹಾಗಾದರೆ ನಡೆದುಕೊಂಡೇ ಬನ್ನಿ, ಆರೋಗ್ಯಕ್ಕೆ ಒಳ್ಳೆಯದು ಎಂದಳು. ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಆ ದಿನ ನಾನು ಅಷ್ಟೊಂದು ಸಮಾಧಾನವಾಗಿ ಯಾಕಿದ್ದೆನೋ ತಿಳಿಯದು. ಸೋತ ಖಟ್ಲೆಯ ಮರುದಿನ ವಕೀಲನಿಗೆ ಚೆನ್ನಾಗಿ ನಿದ್ದೆ ಬರುತ್ತದೆಂದು ನಮ್ಮ ಹಿರಿಯ ವಕೀಲರೊಬ್ಬರು ಹೇಳುತ್ತಿದ್ದರು, ಬಹುಶಃ ಅದೇ ಇರಬೇಕು.

ಶುಕ್ರವಾರ ಗಾಡಿ ತಯಾರಾಯಿತು. ಶಾಲೆಗೆ ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ಹೋಗಿ, ಅವಳೇ ನಡೆಸಿಕೊಂಡು ಬಂದಳು. ಸೋಮವಾರ ಪ್ರಾರ್ಥನೆಗೆ ಇಪ್ಪತ್ತು ನಿಮಿಷ ಮೊದಲು ಮುಡಬಿ ಮುಟ್ಟಿ, ಶಾಲೆಯ ಬೀಗ ತೆಗೆದು, ಮುಖ್ಯೋಪಾಧ್ಯಾಯಿನಿಯಾಗಿ ಹಾಜರಾದಳು.